ಬೆಲೆ ಏರುತ್ತದಾ ಅಂತ ಕೇಳಬೇಡಿ, ಬ್ಲೇಡು ದೂರ ಇಡಿ

ಲಂಡನ್ನಿಗೆ ಬಂದು ಒಂದು ವರ್ಷ, ಬ್ರಿಟಿಷ್ ಸೇನೆ ಮತ್ತು ರಾಜಮನೆತನದ ಹಳೇ ಪ್ರಿಂಟ್ (ಕಾಗದದ ಮೇಲೆ ಅಚ್ಚು ಹಾಕಿದ ಚಿತ್ರ) ಸಂಗ್ರಹಿಸುವ ಆಸೆ, ಫ್ರೇಮ್ ಸಮೇತ ಮೂರು ಸಿಕ್ಕಿವೆ, ಮುಂದೆ ಬೆಲೆ ಏರುತ್ತದಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಹನ್ನೆರಡು ವರ್ಷದ ಹಿಂದೆ ನಾನೂ ಹೀಗೇ ಇದ್ದೆ. ನಾನಿದ್ದದ್ದು ರೆಡಿಂಗ್‌ನಲ್ಲಿ, ಅಷ್ಟೇ ವ್ಯತ್ಯಾಸ.

ಶನಿವಾರ ಬಂದರೆ ಸಾಕು, ರೈಲು ಹತ್ತಿ ಪೋರ್ಟೊಬೆಲ್ಲೊ ರೋಡಿನ ಸಂತೆಗೆ ಹೋಗುತ್ತಿದ್ದೆ. ಮೊದಲು ಕೊಂಡದ್ದೆಲ್ಲ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಿಂದ ಕಿತ್ತ ಹಾಳೆಗಳು. ಕವಾಯತು ನೋಡುವ ವಿಕ್ಟೋರಿಯಾ ರಾಣಿ, ಕ್ರೈಮಿಯಾ ಯುದ್ಧದ ಕುದುರೆಗಳು, ಇಂಥವು. ಹಿಂದೆ ತಿರುಗಿಸಿದರೆ ಯಾವುದೋ ಸುದ್ದಿ ಅಚ್ಚಾಗಿರುತ್ತದೆ. 1842ರಲ್ಲಿ ಶುರುವಾದ ವಾರಪತ್ರಿಕೆ ಅದು. ರಾಶಿ ರಾಶಿ ಅಚ್ಚಾಗಿದೆ, ಇವತ್ತಿಗೂ ರಾಶಿ ರಾಶಿ ಸಿಗುತ್ತದೆ. ಎಷ್ಟೋ ಹಾಳೆಗಳಿಗೆ ಯಾರೋ ಈಚೆಗೆ ಬಣ್ಣ ಬಳಿದಿರುತ್ತಾರೆ. ನೋಡೋಕೆ ಚೆನ್ನಾಗಿರುತ್ತವೆ, ಬೇಡ ಅನ್ನಲ್ಲ. ಆದರೆ 'ಬಹಳ ಅಪರೂಪ ಸಾರ್' ಅನ್ನುವವನ ಮಾತು ಮಾತ್ರ ನಂಬಬೇಡಿ.

ಆಮೇಲೆ ಒಂದು ಸಣ್ಣ ಊರಿನ ಹರಾಜಿನಲ್ಲಿ ನನಗೆ ಲಾಟರಿ ಹೊಡೆಯಿತು. ಹೆನ್ರಿ ಸಿಂಗಲ್ಟನ್ ಬರೆದ ಚಿತ್ರವನ್ನು ತಾಮ್ರದ ತಗಡಿಗೆ ಕೆತ್ತಿ ಅಚ್ಚು ಹಾಕಿದ ಪ್ರಿಂಟು. 1799ರ ಮೇ 4, ಶ್ರೀರಂಗಪಟ್ಟಣದ ಕೋಟೆ, ಟಿಪ್ಪುವಿನ ಕೊನೆಯ ಕಾದಾಟ. ನಾನು ಮಂಡ್ಯ ಕಡೆಯವನು. ಟಿಪ್ಪು ಬಿದ್ದ ಜಾಗ ಅಂತ ಅಲ್ಲಿ ಒಂದು ಕಲ್ಲು ಇದೆಯಲ್ಲ, ಶಾಲೆಯ ಪ್ರವಾಸದಲ್ಲಿ ಅದರ ಎದುರು ನಿಂತು ಕಡ್ಲೆಕಾಯಿ ತಿಂದವನು. ಕೈ ಇಳಿಸಲೇ ಇಲ್ಲ, 310 ಪೌಂಡಿಗೆ ನನ್ನದಾಯಿತು. ಮಡಿಕೆ ಇಲ್ಲ, ಹರಿದಿಲ್ಲ, ಚಿತ್ರದ ನಾಲ್ಕೂ ಕಡೆ ಎರಡೆರಡು ಇಂಚು ಅಂಚು.

ಆ ಅಂಚೇ ನನ್ನ ತಲೆ ಕೆಡಿಸಿತು.

ಕಟ್ಟು ಹಾಕಿಸೋಣ ಅಂತ ವಿಚಾರಿಸಿದರೆ ಅಳತೆಗೆ ಮಾಡುವವರು ಹೇಳಿದ ರೇಟು ಪ್ರಿಂಟಿನ ಅರ್ಧ ಬೆಲೆ. ಜಿಪುಣ ಬುದ್ಧಿ. ಪೀಠೋಪಕರಣದ ಅಂಗಡಿಯಿಂದ ಒಂದು ರೆಡಿಮೇಡ್ ಫ್ರೇಮ್ ತಂದೆ. ಹಾಳೆ ಅದಕ್ಕಿಂತ ದೊಡ್ಡದು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು, ಹೊಸ ಬ್ಲೇಡು ಹಾಕಿ, ಚಿತ್ರದ ಗೆರೆಗೆ ಸರಿಯಾಗಿ ನಾಲ್ಕೂ ಕಡೆ ಕತ್ತರಿಸಿದೆ. ಎಷ್ಟು ನೀಟಾಗಿ ಕತ್ತರಿಸಿದೆ ಅಂದರೆ ಹೆಂಡತಿಯನ್ನು ಕರೆದು ತೋರಿಸಿದೆ. ಕೆಳಗಿದ್ದ ಮೂರು ಸಾಲು ಇಂಗ್ಲಿಷ್ ಅಕ್ಷರ ಅಂಗಡಿಯವನ ಜಾಹೀರಾತು ಇರಬೇಕು ಅಂದುಕೊಂಡಿದ್ದೆ. ಪಟ್ಟಿಗಳು ರದ್ದಿ ಡಬ್ಬಿಗೆ ಹೋದವು, ಮಂಗಳವಾರ ಗಾಡಿ ಬಂದು ತಗೊಂಡು ಹೋಯಿತು.

ಆ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಪ್ರಿಂಟಿನ ಮುಂದೆ ನಿಂತು 'ಯಾರಪ್ಪಾ ಇದು?' ಅಂದರು. ಟಿಪ್ಪು ಅಂದೆ. 'ಎಲ್ಲಿ ಬರೆದಿದೆ?' ಅಂದರು. ಎಲ್ಲೂ ಇಲ್ಲ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ. ಗೊತ್ತಾಗಿದ್ದು ಇನ್ನೊಂದು ವರ್ಷ ಆದ ಮೇಲೆ, ಹಣದ ತಾಪತ್ರಯಕ್ಕೆ ಸೆಸಿಲ್ ಕೋರ್ಟ್ ಗಲ್ಲಿಯ ಒಬ್ಬ ವಯಸ್ಸಾದ ವ್ಯಾಪಾರಿಯ ಹತ್ತಿರ ಮಾರಲು ಹೋದಾಗ. ಆತ ಚಿತ್ರ ನೋಡಲೇ ಇಲ್ಲ. ಅಂಚಿನ ಮೇಲೆ ಬೆರಳು ಓಡಿಸಿದ. ಮಿಕ್ಕಿದ್ದು ಎಲ್ಲಿ ಅಂತ ಕೇಳಿದ. ಕತ್ತರಿಸಿದೆ ಅಂದೆ. 40 ಪೌಂಡ್ ಕೊಡುತ್ತೇನೆ, ಅದೂ ನಿಮ್ಮ ಮುಖ ನೋಡಿ ಅಂದ.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಿರಲಿಲ್ಲ. ತಾಮ್ರದ ತಗಡಿಗೆ ಮಸಿ ಹಚ್ಚಿ, ಮೇಲೆ ಒದ್ದೆ ಕಾಗದ ಇಟ್ಟು, ಎರಡು ಉರುಳೆಗಳ ನಡುವೆ ಒತ್ತುತ್ತಾರೆ. ತಗಡಿನ ಅಂಚು ಕಾಗದದಲ್ಲಿ ಸಣ್ಣ ಹಳ್ಳದ ಹಾಗೆ ಉಳಿಯುತ್ತದೆ. ಅದಕ್ಕೆ ಪ್ಲೇಟ್ ಮಾರ್ಕ್ ಅನ್ನುತ್ತಾರೆ. ಇದು ತಗಡಿನಿಂದಲೇ ಬಂದದ್ದು, ಈಗಿನ ಪೋಸ್ಟರ್ ಅಲ್ಲ ಅಂತ ಹೇಳುವ ಗುರುತುಗಳಲ್ಲಿ ಅದು ಮುಖ್ಯ. ಅದು ಚಿತ್ರದ ಆಚೆ, ಅಂಚಿನಲ್ಲಿ ಇರುತ್ತದೆ. ನಾನು ಮೊದಲು ಕಳೆದದ್ದು ಅದನ್ನು.

ಇನ್ನು ಆ ಮೂರು ಸಾಲು. ಎಡಗಡೆ ಚಿತ್ರ ಬರೆದವನ ಹೆಸರು, ಬಲಗಡೆ ಕೆತ್ತಿದವನ ಹೆಸರು, ನಡುವೆ ಶೀರ್ಷಿಕೆ, ಅದರ ಕೆಳಗೆ ಪ್ರಕಾಶಕನ ಹೆಸರು ಮತ್ತು ತಾರೀಕು. ತಾರೀಕು ಸುಮ್ನೆ ಹಾಕಿದ್ದಲ್ಲ. ಹೋಗಾರ್ತ್ ಎಂಬ ಚಿತ್ರಕಾರ ತನ್ನ ಪ್ರಿಂಟ್‌ಗಳ ಕಳ್ಳಪ್ರತಿ ನೋಡಿ ರೋಸಿಹೋಗಿ, ಬೇರೆಯವರ ಜೊತೆ ಸೇರಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. 1735ರಲ್ಲಿ ಕಾಯಿದೆ ಬಂತು. ಹಕ್ಕು ಬೇಕಿದ್ದರೆ ಒಡೆಯನ ಹೆಸರು, ಪ್ರಕಟವಾದ ದಿನ ತಗಡಿನ ಮೇಲೇ ಇರಬೇಕು ಅಂತ. ಅಂದರೆ ಆ ಸಾಲು ಪ್ರಿಂಟಿನ ಜನನ ಪ್ರಮಾಣಪತ್ರ ಇದ್ದ ಹಾಗೆ. ನಾನು ಅದನ್ನೇ ರದ್ದಿಗೆ ಹಾಕಿದ್ದೆ. ಅಕ್ಷರ ಕೆತ್ತುವ ಮೊದಲೇ ತೆಗೆದ ಪ್ರೂಫ್ ಪ್ರತಿಗಳೂ ಇರುತ್ತವೆ, ಅವಕ್ಕೆ ಬೆಲೆ ಜಾಸ್ತಿ, ನನ್ನದು ಅದೇ ಅಂತ ವಾದಿಸಲೂ ನೋಡಿದೆ (ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ). ಆತ ನಕ್ಕ. ಪ್ರೂಫ್ ಆಗಿದ್ದರೆ ಖಾಲಿ ಅಂಚು ಇರಬೇಕಲ್ವಾ?

ಇನ್ನೂ ಒಂದಿದೆ. 1794ರ ನಂತರ ಇಂಗ್ಲೆಂಡಿನ ಕಾಗದದಲ್ಲಿ ನೀರುಗುರುತಿನ (ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ಗುರುತು, ವಾಟರ್‌ಮಾರ್ಕ್) ಜೊತೆ ವರ್ಷವನ್ನೂ ಹಾಕುವ ರೂಢಿ ಬಂತು. ತಗಡಿನ ಮೇಲೆ 1799 ಅಂತಿದ್ದು ಕಾಗದದಲ್ಲಿ 1820 ಇದ್ದರೆ, ಹಳೇ ತಗಡನ್ನು ಮತ್ತೆ ಒತ್ತಿದ್ದಾರೆ ಅಂತ ಅರ್ಥ. ನನ್ನದನ್ನು ಬೆಳಕಿಗೆ ಹಿಡಿದರೆ ಕಾಗದ ಮಾಡಿದ ವಾಟ್‌ಮನ್ ಅನ್ನುವವನ ಹೆಸರಿನಲ್ಲಿ ಕೊನೆಯ 'ಮನ್' ಮಾತ್ರ ಕಾಣುತ್ತದೆ. ವರ್ಷ ಮಂಗಳವಾರದ ಗಾಡಿಯಲ್ಲಿ ಹೋಯಿತು.

ಈಗ ನಿಮ್ಮ ಮೂರು ಪ್ರಿಂಟ್. ಫ್ರೇಮಿನಿಂದ ಬಿಚ್ಚಿ ತೋರಿಸದೇ ಇದ್ದರೆ ಕೊಳ್ಳಬೇಡಿ. ಫ್ರೇಮ್ ಒಳಗೆ ನನ್ನಂಥವನೊಬ್ಬ ಏನೇನು ಮಾಡಿಟ್ಟಿದ್ದಾನೋ ಯಾರಿಗೆ ಗೊತ್ತು. ಅಂಚು ಕತ್ತರಿಸಿರಬಹುದು, ಹಿಂದೆ ಸೆಲ್ಲೋಟೇಪ್ ಅಂಟಿಸಿ ಕಂದು ಕಲೆ ಆಗಿರಬಹುದು, ಚಿತ್ರದ ಸುತ್ತ ಹಾಕುವ ಅಗ್ಗದ ರಟ್ಟು, ಅಂದರೆ ಮೌಂಟು, ಕಾಗದವನ್ನು ಸುಟ್ಟ ಹಾಗೆ ಮಾಡಿರಬಹುದು. ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕುವಂಥ ಗಾಜು ಒಂದು ಇಟ್ಟುಕೊಳ್ಳಿ. ಬಣ್ಣ ಬಣ್ಣದ ಸಣ್ಣ ಚುಕ್ಕಿಗಳು ಸಾಲಾಗಿ, ಒಂದೇ ಲೆಕ್ಕದಲ್ಲಿ ಕಂಡರೆ ಅದು ಈಗಿನ ಆಫ್‌ಸೆಟ್ ಯಂತ್ರದ ಅಚ್ಚು, ವಾಪಸ್ ಇಟ್ಟು ಬನ್ನಿ.

ಬೆಲೆ ಏರುವ ವಿಷಯ ಕೇಳಿದಿರಿ. ದುಡ್ಡು ಬೆಳೆಯಬೇಕಿದ್ದರೆ ಎಫ್‌ಡಿ ಮಾಡಿ, ಪ್ರಿಂಟಿನ ಗೊಡವೆ ಬೇಡ. ಕೊಳ್ಳುವಾಗ ಒಂದು ರೇಟು, ಮಾರುವಾಗ ಇನ್ನೊಂದು. ರಾಜ ರಾಣಿಯರ ಮುಖಚಿತ್ರವನ್ನಂತೂ ಬಿಟ್ಟುಬಿಡಿ. ಪಟ್ಟಾಭಿಷೇಕದ ಪ್ರಿಂಟು ಮನೆಮನೆಯಲ್ಲಿತ್ತು ಇಲ್ಲಿ. ಯಾವುದಾದರೂ ಒಂದೇ ಘಟನೆ ಹಿಡಿದು ಅದರ ಹಿಂದೆ ಬೀಳಿ, ಅದು ನನ್ನ ಹಟ. ವಾಟರ್‌ಲೂ ಆಗಲಿ, ಕ್ರೈಮಿಯಾ ಆಗಲಿ. ನನ್ನದು ಮೈಸೂರಿನ ಯುದ್ಧಗಳು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ತಗೊಂಡದ್ದನ್ನೇ ಎಷ್ಟು ಜನ ಚಿತ್ರವಾಗಿ ಬರೆದಿದ್ದಾರೆ ಗೊತ್ತಾ. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸೈನ್ಯದ ಜೊತೆ ಅಲ್ಲೇ ಇದ್ದವನು, ಚಿತ್ರದ ಮೂಲೆಯಲ್ಲಿ ತನ್ನನ್ನೂ ಸೇರಿಸಿಕೊಂಡಿದ್ದಾನೆ. ಮೂಲ ವರ್ಣಚಿತ್ರ ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಮ್‌ನ ಸಂಗ್ರಹದಲ್ಲಿದೆ. ಆದರೆ 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಅನ್ನುವ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಶ್ರೀರಂಗಪಟ್ಟಣವನ್ನು ಕಣ್ಣಲ್ಲಿ ನೋಡದೇ, ಲಂಡನ್ನಿನಲ್ಲೇ ಕೂತು ಕೋಟೆ ಬಿದ್ದ ಚಿತ್ರವನ್ನು ನೂರು ಅಡಿಗೂ ಉದ್ದಕ್ಕೆ ಬರೆದ, ಜನ ದುಡ್ಡು ಕೊಟ್ಟು ನೋಡಿದರು. ಅದರ ಪ್ರಿಂಟ್ ಮೂರು ಹಾಳೆಯಲ್ಲಿ ಬಂತು. ಅದರ ಕಾವೇರಿ ಕಡೆ ನೋಡುವಾಗೆಲ್ಲ ನನಗೆ ಸ್ವಲ್ಪ ಸಿಟ್ಟು, ಸ್ವಲ್ಪ ನಗು.

ಕೊಳ್ಳುವ ಮೊದಲು ಒಂದೆರಡು ತಿಂಗಳು ಬರೀ ನೋಡಿ. ಬ್ರಿಟಿಷ್ ಮ್ಯೂಸಿಯಮ್‌ನ ಪ್ರಿಂಟ್ ವಿಭಾಗದಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋದರೆ ಮೂಲ ಪ್ರತಿಗಳನ್ನೇ ಎದುರಿಗೆ ತಂದಿಡುತ್ತಾರೆ, ದುಡ್ಡಿಲ್ಲ. ನನ್ನ ಟಿಪ್ಪುವಿನ ಪೂರ್ತಿ ಅಂಚು ಹೇಗಿರಬೇಕಿತ್ತು ಅಂತ ನಾನು ನೋಡಿದ್ದು ಅಂಥ ಒಂದು ಮೇಜಿನ ಮೇಲೆ. ಆ ಮೂರು ಸಾಲನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಬಂದು ಮೌಂಟಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. 40 ಪೌಂಡಿಗೆ ಕೊಡಲಿಲ್ಲ, ನಮ್ಮ ಮನೆಯ ನಡುಗೋಡೆಯಲ್ಲೇ ಇದೆ.

ನಿಮ್ಮ ಮೂರರ ಫೋಟೋ ಹಾಕಿ, ನೋಡಿ ಹೇಳುತ್ತೇನೆ. ಗಾಜು ತೆಗೆದ ಮೇಲೆ, ಮುಂದೆ ಹಿಂದೆ ಎರಡೂ ಕಡೆ.