ಕೋವಿ ಗೋಡೆ ಮೇಲೆ ಬೇಡ
ರಜೆಗೆ ಮಕ್ಕಳು ಬರುತ್ತಾರೆ, ಗೋಡೆಗೆ ನೇತು ಹಾಕಿರುವ ಅಪ್ಪನ ಜೋಡಿ ನಳಿಗೆ ಕೋವಿಯನ್ನು ಎಲ್ಲಿಡಲಿ ಎಂದು ಕೇಳಿದ್ದೀರಿ ಅಲ್ವಾ. ಇವತ್ತೇ ಕೆಳಗಿಳಿಸಿ. ನಳಿಗೆ ನೆಲದ ಕಡೆ ಇರಲಿ, ಬೆರಳು ಟ್ರಿಗರ್ ಮೇಲೆ ಬೇಡ, ಕೋವಿಯನ್ನು ನಡುವೆ ಮಡಿಸಿ ತೆರೆದು ನಳಿಗೆಗಳ ಹಿಂಬದಿಯ ಎರಡೂ ತೂತಿಗೆ ಕಿರುಬೆರಳು ಹಾಕಿ ನೋಡಿ. ಖಾಲಿ ಇದೆ ಅಂತ ಅಪ್ಪ ಹೇಳಿದರೂ ನೀವೇ ನೋಡಬೇಕು. ನಮ್ಮನೆಯಲ್ಲಿ ಹಾಗೆ ನೋಡಿದಾಗ, ಹಂದಿ ಓಡಿಸಲು ಯಾವಾಗಲೋ ಹಾಕಿದ್ದ ತೋಟೆಯೊಂದು (ಮದ್ದು, ಗುಂಡು ತುಂಬಿದ ಕೊಳವೆ) ಹಿತ್ತಾಳೆ ಅಂಚು ಹಸಿರುಗಟ್ಟಿ ಅಲ್ಲೇ ಕೂತಿತ್ತು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಕೋವಿಗೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರು, ತೋಟೆಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಕೀಲಿಯನ್ನು ಬೀರುವಿನ ತಲೆ ಮೇಲೆ ಇಡಬೇಡಿ, ಮಕ್ಕಳಿಗೆ ಆ ಜಾಗ ಗೊತ್ತೇ ಇರುತ್ತದೆ. ಕೊಡಗಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ತೇವ ಹಿಡಿದು ತುಕ್ಕು ಜಾಸ್ತಿ, ಸುಮ್ನೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬೀರುವಿನೊಳಗೆ ಹಾಗೇ ನಿಲ್ಲಿಸಿ.