ಯಾವ ‘ನಾವು’, ಟೀಚರ್?

ಮಾರಾಯ್ತಿ,

ನಿನ್ನ ಮೆಸೇಜ್ ಬಂದು ನಾಲ್ಕು ದಿನವಾಯಿತು. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ, ಪರೀಕ್ಷೆಯ ಪೇಪರ್ ತಿದ್ದುವುದಿತ್ತು. ಸರಿ, ಸ್ವಲ್ಪ ಸಿಟ್ಟೂ ಇತ್ತು.

ಕಳೆದ ತಿಂಗಳು ಕಾಸರಗೋಡಿನ ನಮ್ಮ ಮನೆಗೆ ಬಂದಿದ್ದಾಗ ಮೇಜಿನ ಮೇಲಿದ್ದ, ನನ್ನ ಕನ್ನಡ ಕ್ಲಾಸಿನ ಒಂದು ನೋಟ್‌ಬುಕ್ ಬಿಡಿಸಿ ನೋಡಿದೆ. ‘ಅಮ್ಮ ಸಂತೆಯಿಂದ ಬಂತು’ ಅಂತ ಮಗು ಬರೆದಿತ್ತು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ಕೇಳಿದ್ದೀಯ: ‘ಕೇರಳದ ಮಕ್ಕಳಿಗೆ ಕನ್ನಡ ವ್ಯಾಕರಣ ಯಾಕೆ ಕಣೇ? ಒಂದು ವಾಕ್ಯ ನೆಟ್ಟಗೆ ಬರಲ್ಲ. ಸುಮ್ನೆ ಮಲಯಾಳಂ ಓದ್ಕೊಂಡು ಹೋಗಬಾರದಾ?’ ಅದರ ಕೆಳಗೆ ರಾಜ್ಯೋತ್ಸವದ ಬಗ್ಗೆ ಒಂದು ಸಾಲು. ಆ ಸಾಲಿಗೆ ಕೊನೆಗೆ ಬರುತ್ತೇನೆ.

ಮೊದಲು ಆ ‘ಬಂತು’. ಅದು ಹವ್ಯಕರ ಮನೆಯ ಮಗು. ನಮ್ಮ ಮನೆಮಾತಿನಲ್ಲಿ ಅಕ್ಕ ಬಂತು, ಅತ್ತಿಗೆ ಹೋತು. ಹೆಂಗಸರಿಗೆ ‘ಅದು’. ಮರ್ಯಾದೆ ಕಡಿಮೆ ಅಂತಲ್ಲ. ಆ ಮನೆಯಲ್ಲಿ ಅಮ್ಮನ ಮಾತು ಮೀರಿ ಒಂದು ಅಡಿಕೆಯೂ ಮಾರಾಟವಾಗುವುದಿಲ್ಲ. ಮೇಲೆ ನಾನು ‘ಮಗು ಬರೆದಿತ್ತು’ ಅಂತ ಬರೆದೆನಲ್ಲ, ಅದಕ್ಕೆ ನೀನು ನಗಲಿಲ್ಲ ನೋಡು. ನಿನ್ನ ಪುಸ್ತಕದ ಕನ್ನಡದಲ್ಲಿ ಮಗು ನಪುಂಸಕಲಿಂಗ. ನಮ್ಮ ಮನೆಯಲ್ಲಿ ಆ ಸಾಲಿಗೆ ಅಮ್ಮನೂ ಸೇರಿದ್ದಾಳೆ, ಅಷ್ಟೆ.

ಮಲಯಾಳಂ ಮನೆಮಾತಿನ ಮಕ್ಕಳದ್ದು ಬೇರೆ ಕಥೆ. ಅವರಿಗೆ ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು. ಯಾರು ಬಂದರೂ ‘ವನ್ನು’. ಕ್ರಿಯಾಪದಕ್ಕೆ ಬಾಲವೇ ಇಲ್ಲ. ಅಂಥ ಮಗುವಿಗೆ ಬಂದೆ, ಬಂದೆವು, ಬಂದಳು, ಬಂದರು ಅಂತ ಕೊಟ್ಟರೆ ಕಣ್ಣು ಕಣ್ಣು ಬಿಡುತ್ತದೆ. ಆದರೆ ಆರು ತಿಂಗಳು ಅಭ್ಯಾಸ ಮಾಡಿಸಿದರೆ ಬಂದೇ ಬರುತ್ತದೆ. ಅದರ ಬಗ್ಗೆ ನನಗೆ ತಲೆಬಿಸಿ ಇಲ್ಲ.

ನನ್ನ ಏಳನೇ ಕ್ಲಾಸಿನಲ್ಲಿ 26 ಮಕ್ಕಳಿದ್ದಾರೆ. ತುಳು, ಹವ್ಯಕ, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಎಲ್ಲ ಮನೆಯವರೂ ಇದ್ದಾರೆ. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಆ ನಾಡು ಬೆಳಗ್ಗೆ ಹತ್ತು ಗಂಟೆಗೆ ನನ್ನೆದುರು ಬೆಂಚಿನ ಮೇಲೆ ಕೂತಿರುತ್ತದೆ. ಪುಸ್ತಕದ ಕನ್ನಡವನ್ನು ಮನೆಯಲ್ಲಿ ಮಾತಾಡುವ ಮಗು ಒಂದೂ ಇಲ್ಲ. ಹಾಗಂತ ಕನ್ನಡ ಅವರಿಗೆ ಹೊರಗಿನದ್ದು ಅಂದುಕೊಳ್ಳಬೇಡ. ಮನೆಯಲ್ಲಿ ತುಳು ಬಿಟ್ಟು ಬೇರೆ ಬಾರದ ಹುಡುಗ ರಾತ್ರಿ ಯಕ್ಷಗಾನದ ಆಟದಲ್ಲಿ ಬಣ್ಣ ಹಚ್ಚಿ ನಿಂತರೆ ‘ಎಲೈ ಸಾರಥಿ, ನಾನು ಬಂದಿರುವೆನು’ ಅಂತ ಒಂದು ಅಕ್ಷರ ತಪ್ಪದೆ ಹೇಳುತ್ತಾನೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು ಮಾರಾಯ್ತಿ. ಇಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಶಾಲೆಗಿಂತ ಮೊದಲು ರಂಗಸ್ಥಳದಲ್ಲಿ ಕಲಿತವರು ಜಾಸ್ತಿ.

ಹಾಗಾದರೆ ತಲೆಬಿಸಿ ಎಲ್ಲಿ? ಒಂದು ಸಣ್ಣ ಪದದಲ್ಲಿ. ‘ನಾವು.’

ಸರ್ವನಾಮದ ಪಾಠ. ಬೋರ್ಡಿನ ಮೇಲೆ ಬರೆದೆ. ಉತ್ತಮ ಪುರುಷ, ಏಕವಚನ ನಾನು, ಬಹುವಚನ ನಾವು. (ಈ ಪುರುಷರದ್ದೇ ಒಂದು ಗೋಳು. ಪಕ್ಕದ ಕ್ಲಾಸಿನಲ್ಲಿ ಇಂಗ್ಲಿಷ್ ಮಾಸ್ಟ್ರು ‘ನಾನು’ ಫಸ್ಟ್ ಪರ್ಸನ್ ಅನ್ನುತ್ತಾರೆ, ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ‘ಅವನು’. ಪರೀಕ್ಷೆಯಲ್ಲಿ ಎರಡೂ ಕಲಸಿ ಪಲ್ಯವಾಗುತ್ತದೆ. ಅದಿರಲಿ.) ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿ ಕೇಳಿತು: ‘ಯಾವ ನಾವು, ಟೀಚರ್?’

ನಿನಗೆ ಇದು ಪ್ರಶ್ನೆಯೇ ಅಲ್ಲ ಅನ್ನಿಸಬಹುದು. ನಾವು ಅಂದರೆ ನಾವು. ಆದರೆ ಆ ಹುಡುಗಿಯ ತುಳುವಿನಲ್ಲಿ ‘ಎಂಕುಲು’ ಬೇರೆ, ‘ನಮ’ ಬೇರೆ. ಎಂಕುಲು ಅಂದರೆ ನಾನು ಮತ್ತು ನನ್ನ ಕಡೆಯವರು, ಕೇಳುತ್ತಿರುವ ನೀನು ಅದರಲ್ಲಿ ಇಲ್ಲ. ನಮ ಅಂದರೆ ನೀನೂ ಸೇರಿ. ಅವಳ ಪಕ್ಕದ ಹುಡುಗಿಗೆ ಮಲಯಾಳಂನ ಞಙ್ಙಳ್, ನಮ್ಮಳ್. ನನ್ನ ಹವ್ಯಕದಲ್ಲಿ ಎಂಗೊ, ನಾವು. ಕೇಳುವವನು ಒಳಗೋ ಹೊರಗೋ ಅಂತ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. ಪುಸ್ತಕದ ಕನ್ನಡಕ್ಕೆ ಬಂದರೆ ಮಾತ್ರ ಎರಡು ಬಾಗಿಲಿಗೂ ಒಂದೇ ಬೀಗ.

ಮರದ ಬಹುವಚನ ಮರಗಳು. ಒಂದು ಮರ, ಇನ್ನೊಂದು ಮರ. ಆದರೆ ನಾನು ಅನ್ನುವವಳು ಎರಡಾಗುವುದು ಹೇಗೆ? ‘ನಾವು’ ಅಂದರೆ ಹತ್ತು ನಾನುಗಳಲ್ಲ. ಒಬ್ಬಳು ನಾನು, ಜೊತೆಗೆ ಬೇರೆ ಯಾರೋ. ಆ ಯಾರೋ ಯಾರು ಅನ್ನುವುದೇ ಆ ಪದದ ಹೂರಣ. ಬೋರ್ಡಿನಲ್ಲಿ ‘ಬಹುವಚನ’ ಅಂತ ಬರೆದು ನಾನು ಅದನ್ನೇ ಬಿಟ್ಟಿದ್ದೆ. ಹುಡುಗಿ ಹಿಡಿದುಕೊಂಡಿತು.

ಹಾಸ್ಟೆಲ್ಲಿನ ಆ ಶನಿವಾರ ನೆನಪಿದೆಯಾ? ‘ನಾವು ಸಂಜೆ ಸಿನಿಮಾಕ್ಕೆ ಹೋಗ್ತಾ ಇದ್ದೇವೆ’ ಅಂದೆ. ನಾನೂ ನಮ್ಮೂರಿನ ಇಬ್ಬರೂ ಅಂತ ನನ್ನ ಅರ್ಥ. ನೀನು ತಲೆಗೆ ಸ್ನಾನ ಮಾಡಿ, ಆ ಹಳದಿ ಚೂಡಿದಾರ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಟಿಕೆಟ್ ಮೂರೇ ಇತ್ತು. ಎರಡು ವಾರ ನೀನು ನನ್ನ ಜೊತೆ ಮಾತು ಬಿಟ್ಟೆ. ಅವತ್ತು ನಾನು ‘ಎಂಗೊ’ ಅಂದಿದ್ದರೆ, ನಿನಗೆ ಅದು ಅರ್ಥವಾಗುವ ಹಾಗಿದ್ದಿದ್ದರೆ, ಆ ಚೂಡಿದಾರಕ್ಕೆ ಇಸ್ತ್ರಿಯ ಕೆಲಸ ಉಳಿಯುತ್ತಿತ್ತು.

ಈಗ ನನ್ನ ಕೆಂಪು ಪೆನ್ನಿನ ಕಷ್ಟ ಕೇಳು. ರಜೆ ಅರ್ಜಿ ಬರುತ್ತದೆ: ‘ನಾವು ನಾಳೆ ಮದುವೆಗೆ ಹೋಗುತ್ತೇವೆ.’ ವ್ಯಾಕರಣ ಸರಿ. ಕರ್ತೃ ಇದೆ, ಕ್ರಿಯಾಪದ ಕರ್ತೃವಿಗೆ ಹೊಂದಿದೆ. ಆದರೆ ಬರೆದ ಮಗುವಿಗೇ ಸಮಾಧಾನವಿಲ್ಲ. ಟೀಚರನ್ನೂ ಮದುವೆಗೆ ಕರೆದ ಹಾಗಾಯಿತಲ್ಲ ಅಂತ. ಅದಕ್ಕೆ ಒಬ್ಬ ‘ನಾವು ಮಾತ್ರ’ ಅಂತ ಬರೆದ. ಇನ್ನೊಬ್ಬ ‘ನಾವು ಮನೆಯವರು’ ಅಂತ. ಒಂದು ಹುಡುಗಿ ತಾನೇ ಒಂದು ಸೂತ್ರ ಕಟ್ಟಿಕೊಂಡಿತು. ನೀನೂ ಸೇರಿದ್ದರೆ ‘ನಾವು’, ನೀನು ಇಲ್ಲದಿದ್ದರೆ ‘ನಾವುಗಳು’. ಇಡೀ ವರ್ಷ ಒಂದು ಸಲವೂ ತಪ್ಪದೆ ಹಾಗೇ ಬರೆಯಿತು. ಪುಸ್ತಕದ ಲೆಕ್ಕದಲ್ಲಿ ‘ನಾವುಗಳು’ ಬಹುವಚನಕ್ಕೆ ಮತ್ತೊಂದು ಬಹುವಚನ, ಹೊಡೆಯಬೇಕು. ನಾನು ಪೆನ್ನು ಹಿಡಿದು ಕೂತು, ಹೊಡೆಯಲಾಗದೆ, ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು ಬಿಟ್ಟೆ. ಆ ಚುಕ್ಕಿಯ ಅರ್ಥ ನನಗೂ ಗೊತ್ತಿಲ್ಲ.

‘ನಮ್ಮ ಅಮ್ಮ’ ಇನ್ನೂ ತಮಾಷೆ. ‘ನಮ್ಮ ಅಮ್ಮ ಚೆನ್ನಾಗಿ ಹಾಡುತ್ತಿದ್ದರು’ ಅಂತ ಕ್ಲಾಸಿನಲ್ಲಿ ಹೇಳಿದರೆ ಹೊಸತಾಗಿ ಸೇರಿದ ಮಲಯಾಳಂ ಮನೆಯ ಮಗು ಮಿಕಿಮಿಕಿ ನೋಡುತ್ತದೆ. ಟೀಚರ ಅಮ್ಮ ನನಗೂ ಅಮ್ಮ ಆದದ್ದು ಯಾವಾಗ ಅಂತ. ಈ ಪತ್ರದ ಮೇಲ್ಗಡೆ ನಾನೇ ‘ನಮ್ಮ ಮನೆಗೆ ಬಂದಿದ್ದಾಗ’ ಅಂತ ಬರೆದಿದ್ದೇನೆ. ಆ ಮನೆಯ ಮೇಲೆ ಹಕ್ಕು ಕೇಳಬೇಡ, ಮಾಡಿಗೆ ಹಂಚು ಹಾಕಿಸಿದ ಸಾಲ ಇನ್ನೂ ಇದೆ.

ಕನ್ನಡ ಪೂರ್ತಿ ಕುರುಡು ಅಂತ ನಾನು ಹೇಳುವುದಿಲ್ಲ. ‘ಹೋಗೋಣ’ ಅಂದಾಗ ನೀನು ಒಳಗೆ ಬಂದೇ ಬರುತ್ತೀಯ. ನಿನ್ನನ್ನು ಬಿಟ್ಟು ನಾನು ‘ಹೋಗೋಣ’ ಅನ್ನುವುದಕ್ಕೆ ಆಗುವುದೇ ಇಲ್ಲ. ಸರ್ವನಾಮ ಮುಚ್ಚಿಟ್ಟದ್ದನ್ನು ಕ್ರಿಯಾಪದ ಬಾಯಿ ಬಿಡುತ್ತದೆ. ಮಕ್ಕಳಿಗೆ ಈಗ ಹೀಗೇ ಹೇಳಿಕೊಡುತ್ತೇನೆ. ವಾಕ್ಯದ ಕೊನೆಯಲ್ಲಿ ‘ಹೋಗೋಣ’ ಇಟ್ಟು ನೋಡಿ, ಅರ್ಥ ಕೆಡದಿದ್ದರೆ ಅದು ಎಲ್ಲರೂ ಇರುವ ‘ನಾವು’. ಕೆಟ್ಟರೆ ನಿಮ್ಮ ಎಂಕುಲು. ಹಳೆಗನ್ನಡ ತೆರೆದರೆ ‘ನಮ್ಮ’ ಜೊತೆಗೆ ‘ಎಮ್ಮ’, ‘ಎಮಗೆ’ ಕೂಡ ಸಿಗುತ್ತದೆ. ಆಮೇಲೆ ‘ಎಮ್ಮ’ ಪುಸ್ತಕದಿಂದ ಜಾರಿಹೋಯಿತು. ನಮ್ಮ ‘ಎಂಗೊ’ದ ತಲೆಯಲ್ಲಿ ಆ ಎಕಾರ ಇವತ್ತಿಗೂ ಕೂತಿದೆ. ನೀವು ಕಳೆದುಕೊಂಡದ್ದನ್ನು ನಾವು ಇಟ್ಟುಕೊಂಡಿದ್ದೇವೆ. ವಾಕ್ಯ ನೆಟ್ಟಗೆ ಬರಲ್ಲ ಅಂತ ಹೇಳುವ ಮೊದಲು ಇದನ್ನು ಸ್ವಲ್ಪ ಯೋಚಿಸು.

ಇದು ಕಾಸರಗೋಡಿನ ರೋಗ ಮಾತ್ರ ಅಲ್ಲ. ಬೆಳಗಾವಿ ಕಡೆಯ ಮರಾಠಿಯಲ್ಲಿ ಆಮ್ಹಿ ಮತ್ತು ಆಪಣ. ಬಳ್ಳಾರಿ, ಕೋಲಾರದ ತೆಲುಗಿನಲ್ಲಿ ಮೇಮು ಮತ್ತು ಮನಂ. ಕೊಳ್ಳೇಗಾಲದ ಆಚೆ ತಮಿಳಿನಲ್ಲಿ ನಾಂಗಳ್ ಮತ್ತು ನಾಂ. ಗಡಿಯಲ್ಲಿ ನಿಂತು ಯಾವ ಕಡೆ ತಿರುಗಿದರೂ ಎರಡೆರಡು ‘ನಾವು’. ನಡುವಿನಲ್ಲಿ ಬೆಚ್ಚಗೆ ಕೂತ ನಿನಗೆ ಒಂದೇ ಸಾಕಾಗುತ್ತದೆ.

ಸಾಕಾಗುತ್ತದೆ ಅಂದೆ. ನಮಗೆ ಯಾಕೆ ಸಾಕಾಗುವುದಿಲ್ಲ ಅಂತ ಹೇಳುತ್ತೇನೆ.

1956ರ ಅಕ್ಟೋಬರ್ 31ರ ರಾತ್ರಿ ನನ್ನ ಅಜ್ಜ ಮಲಗಿದ್ದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಬೆಳಗ್ಗೆ ಎದ್ದದ್ದು ಕೇರಳದಲ್ಲಿ. ಚಾಪೆ ಅದೇ. ಕರ್ತೃ ಎಲ್ಲಿಗೂ ಹೋಗಲಿಲ್ಲ, ಸಪ್ತಮಿ ವಿಭಕ್ತಿ ಮಾತ್ರ ಬೇರೆ ನಾಮಪದಕ್ಕೆ ಅಂಟಿತು. ಮಂಜೇಶ್ವರದ ಕವಿ ಗೋವಿಂದ ಪೈಗಳದ್ದೂ ಅದೇ ಕಥೆ. 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ, 1963ರಲ್ಲಿ ತೀರಿಕೊಂಡಾಗ ಅವರ ಊರು ಕೇರಳದ್ದು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ, ಗಡಿ ತಕರಾರು ನೋಡಿದ ಮಹಾಜನ್ ಆಯೋಗದ ವರದಿ ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, ಈ ಊರು ಕನ್ನಡದ್ದು ಅಂತ ಹೇಳುತ್ತಲೇ 2015ರಲ್ಲಿ ಹೋದರು.

ಊರಿನ ಮನವಿ ಬರೆಯುವ ಕೆಲಸ ಯಾವಾಗಲೂ ವ್ಯಾಕರಣ ಟೀಚರ ತಲೆಗೆ. ಅರ್ಜಿ ಫಾರಂ ಕನ್ನಡದಲ್ಲೂ ಕೊಡಿ, ಕನ್ನಡ ಶಾಲೆಗೆ ಕನ್ನಡ ಬರುವ ಮಾಸ್ಟ್ರನ್ನೇ ಹಾಕಿ, ಇಂಥದ್ದು. ಇಲ್ಲಿನ ಕಚೇರಿಗೆ ಮಲಯಾಳಂನಲ್ಲಿ ಬರೆಯುತ್ತೇನೆ: ‘ಞಙ್ಙಳ್...’ ಓದುವ ಅಧಿಕಾರಿ ಇದರಲ್ಲಿ ಇಲ್ಲ ಅಂತ ಮೊದಲ ಪದವೇ ಹೇಳುತ್ತದೆ. ಚೊಕ್ಕ. ಅದರ ಒಂದು ಪ್ರತಿ ಬೆಂಗಳೂರಿಗೆ ಕನ್ನಡದಲ್ಲಿ: ‘ನಾವು ಕನ್ನಡಿಗರು...’ ಇಲ್ಲಿ ಪೆನ್ನು ನಿಲ್ಲುತ್ತದೆ. ಓದುವವರೂ ಕನ್ನಡಿಗರು. ಈ ‘ನಾವು’ವಿನಲ್ಲಿ ಅವರು ಇದ್ದಾರಾ ಇಲ್ಲವಾ? ಇದ್ದಾರೆ ಅಂತ ನಂಬಿಯೇ ಬರೆಯುತ್ತೇನೆ. ಒಮ್ಮೆ ಉತ್ತರ ಬಂತು, ‘ನಿಮ್ಮ ರಾಜ್ಯ ಸರ್ಕಾರವನ್ನು ಸಂಪರ್ಕಿಸಿ’ ಅಂತ. ಮಧ್ಯಮ ಪುರುಷ, ಬಹುವಚನ, ಷಷ್ಠಿ ವಿಭಕ್ತಿ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ.

ಅದೇ ವಾರ ಬದಿಯಡ್ಕದಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಗುಂಡಿಗೆ ಬಿದ್ದು ಬಸ್ಸು ಹಾರಿತು, ನನ್ನ ತಲೆ ಕಂಬಿಗೆ ಬಡಿಯಿತು. ಕಂಡಕ್ಟರ್ ನಕ್ಕು, ‘ನಮ್ಮುಡೆ ರೋಡಲ್ಲೇ ಟೀಚರೇ’ ಅಂದ. ನಮ್ಮ ರೋಡಲ್ವಾ ಅಂತ. ಅವನ ಭಾಷೆಯಲ್ಲಿ ‘ಞಙ್ಙಳುಡೆ’ ಅನ್ನುವ ಪದವೂ ಇದೆ. ಅದನ್ನು ಬಿಟ್ಟು ‘ನಮ್ಮುಡೆ’ ಆರಿಸಿದ. ಆ ಗುಂಡಿಗಳಲ್ಲಿ ನನಗೂ ಒಂದು ಪಾಲು ಕೊಟ್ಟ. ಅವನಿಗೆ ಕನ್ನಡ ಬರುವುದಿಲ್ಲ, ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ಅವನ ಜೊತೆ ನಾನು ಎಷ್ಟು ಸಲ ಜಗಳ ಆಡಿದ್ದೇನೋ ಲೆಕ್ಕವಿಲ್ಲ. ನಾಳೆಯೂ ಆಡುತ್ತೇನೆ. ಆದರೆ ಅವನ ಬಾಯಲ್ಲಿ ನಾನು ಎಲ್ಲಿದ್ದೇನೆ ಅಂತ ನನಗೆ ಸ್ಪಷ್ಟವಿದೆ. ನೀನು ‘ನಮ್ಮ ಕನ್ನಡ’, ‘ನಮ್ಮ ನಾಡು’ ಅಂದಾಗ ಆ ಸ್ಪಷ್ಟತೆ ಇಲ್ಲ. ಇಪ್ಪತ್ತು ವರ್ಷದ ಗೆಳತಿ ನೀನು. ಆದರೂ ಒಂದು ಕ್ಷಣ ನಿಂತು ಕೇಳಿಸಿಕೊಳ್ಳಬೇಕಾಗುತ್ತದೆ, ಇದು ಎಂಗೊವಾ, ನಾವಾ ಅಂತ.

ಮಕ್ಕಳಿಗೆ ಕನ್ನಡ ವ್ಯಾಕರಣ ಯಾಕೆ ಅಂತ ಕೇಳಿದೆಯಲ್ಲ. ಮಲಯಾಳಂ ಅವರಿಗೆ ಬರುತ್ತದೆ ಮಾರಾಯ್ತಿ, ಪೇಟೆಯಲ್ಲಿ ಮೀನು ತಂದು, ಚಿಲ್ಲರೆ ಎಣಿಸಿ, ಆಚೆ ಮನೆಯವರ ಜೊತೆ ಕ್ರಿಕೆಟ್ ಆಡಿ ಬಂದಿರುತ್ತದೆ. ತಾಯಿಮಾತಿನಲ್ಲಿ ಪ್ರಾಥಮಿಕ ಪಾಠಕ್ಕೆ ಸೌಕರ್ಯ ಕೊಡಬೇಕು ಅಂತ ಸಂವಿಧಾನದ 350ಎ ವಿಧಿಯಲ್ಲೇ ಇದೆ, ಅದೂ ನಮ್ಮನ್ನು ಈಚೆ ಹಾಕಿದ 1956ರಲ್ಲೇ ಸೇರಿಸಿದ್ದು. ನಾನೇನೂ ದೊಡ್ಡ ಉಪಕಾರ ಕೇಳುತ್ತಿಲ್ಲ. ಆ ಹುಡುಗಿ ‘ಯಾವ ನಾವು’ ಅಂತ ಕೇಳಿದ್ದು ಕನ್ನಡದಲ್ಲಿ. ಉತ್ತರವೂ ಕನ್ನಡದಲ್ಲೇ ಸಿಗಲಿ ಅಂತ ನನ್ನ ಹಟ.

ಈಗ ನಿನ್ನ ಮೆಸೇಜಿನ ಕೊನೆಯ ಸಾಲು. ‘ಈ ಸಲ ನವೆಂಬರ್ ಒಂದಕ್ಕೆ ನಾವು ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವ ಜೋರಾಗಿ ಮಾಡ್ತಾ ಇದ್ದೀವಿ.’ ಇಲ್ಲಿ ಅವತ್ತು ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ, ಬೆಳಗ್ಗೆ ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮ ಇರುತ್ತದೆ. ಮಧ್ಯಾಹ್ನದ ಮೇಲೆ ಹೊರಟರೆ ರಾತ್ರಿಯ ಹೊತ್ತಿಗೆ ತಲುಪಬಹುದು. ಹಬ್ಬದ ಸಮಯ, ಬಸ್ಸಿನ ಸೀಟು ಬೇಗ ಭರ್ತಿಯಾಗುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಯಾವ ನಾವು?