ಧನುಷ್ಕೋಡಿಯ ಹಳೇ ಸ್ಟೇಷನ್: ನಿಮ್ಮ ಪ್ರಶ್ನೆಗೆ

ರಾಮೇಶ್ವರಕ್ಕೆ ಹೋದವರು ಧನುಷ್ಕೋಡಿಯ ಪಾಳುಬಿದ್ದ ರೈಲ್ವೆ ಸ್ಟೇಷನ್ ನೋಡಬಹುದಾ, ಅಷ್ಟು ಚಿಕ್ಕ ಊರಿಗೆ ರೈಲು ಯಾಕಿತ್ತು ಅಂತ ಕೇಳಿದ್ದೀರಿ.

ನೋಡಬಹುದು. ಆದರೆ ಸ್ಟೇಷನ್ ಅಂತ ಉಳಿದಿರುವುದು ಒಂದೆರಡು ಮೋಟುಗೋಡೆ, ಅಷ್ಟೇ. ಹತ್ತಿರದ ಚರ್ಚ್ ಇದಕ್ಕಿಂತ ಚೆನ್ನಾಗಿ ಉಳಿದಿದೆ. ಗಾರೆ ಉದುರಿದ ಕಡೆ ಗೋಡೆಯ ಕಲ್ಲು ಗಮನಿಸಿ. ತೂತುತೂತಾಗಿರುತ್ತದೆ, ಅದು ಹವಳದ ಕಲ್ಲು.

ರೈಲು ಇದ್ದದ್ದು ಸಿಲೋನಿಗಾಗಿ, ಅಂದರೆ ಈಗಿನ ಶ್ರೀಲಂಕಾಕ್ಕಾಗಿ. 1914ರಲ್ಲಿ ರಾಮೇಶ್ವರ ದ್ವೀಪಕ್ಕೆ ಸಮುದ್ರದ ಮೇಲೆ ಪಾಂಬನ್ ರೈಲು ಸೇತುವೆ ಆದ ಮೇಲೆ ಮದ್ರಾಸಿನಿಂದ ‘ಬೋಟ್ ಮೇಲ್’ ಅನ್ನುವ ರೈಲು ನೇರ ಇಲ್ಲಿಗೇ ಬರುತ್ತಿತ್ತು. ಇಲ್ಲಿ ಇಳಿದು ಹಡಗು ಹತ್ತಿದರೆ ಸಿಲೋನಿನ ತಲೈಮನ್ನಾರ್, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ. ಒಂದೇ ಟಿಕೆಟ್ಟಿನಲ್ಲಿ! ಈಗ ನಂಬುವುದೇ ಕಷ್ಟ ಅಲ್ವಾ?

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ಊರು ಮುಟ್ಟುವ ಮುಂಚೆಯೇ ಅಲೆಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಜಾಸ್ತಿ ಜನ ಸತ್ತರು. ಊರು ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರವೇ ಹೇಳಿತು, ಸಿಲೋನಿನ ಹಡಗು ಆಮೇಲೆ ರಾಮೇಶ್ವರದಿಂದಲೇ ಹೊರಡತೊಡಗಿತು. ಇಲ್ಲಿ ಹಡಗಿಲ್ಲದ ಮೇಲೆ ರೈಲು ಯಾರಿಗೆ? ಹಾಗಾಗಿ ಹಳಿ ಮತ್ತೆ ಹಾಕಲಿಲ್ಲ.

ಈಗ ರಾಮೇಶ್ವರದಿಂದ ಧನುಷ್ಕೋಡಿ ದಾಟಿ ನೆಲದ ಕೊನೆಯ ತುದಿಯಾದ ಅರಿಚಲ್‌ಮುನೈವರೆಗೂ ಟಾರು ರಸ್ತೆ ಇದೆ. ಹೆಚ್ಚಿನವರು ಸೀದಾ ತುದಿಗೆ ಹೋಗಿ ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ನೀವು ದಾರಿಯಲ್ಲೇ, ಹಳೇ ಸ್ಟೇಷನ್ ಹತ್ತಿರ ಇಳಿಯಿರಿ. ಬೆಳಗ್ಗೆಯೇ ಹೋಗಿ, ನೆರಳು ಅಂತ ಹೇಳಿಕೊಳ್ಳುವಂಥದ್ದಿಲ್ಲ. ಸಂಜೆಯ ಮೇಲೆ ಒಳಗೆ ಬಿಡುವುದಿಲ್ಲ. ಗೋಡೆ ಹತ್ತಬೇಡಿ, ಸುಮ್ನೆ ಕೈಯಿಟ್ಟರೂ ಪುಡಿ ಉದುರುತ್ತದೆ.